ಎರಡು ದಿನದ ಸೂಟಿ, ನಾಲ್ಕು ತಾಲೂಕಿನ ಹೊಟ್ಟೆ

ವಿಜಯಪುರ ಜಿಲ್ಲೆಯ ಪ್ರತಿ ಮನೆತನಕ್ಕೂ ಒಬ್ಬ ಬೆಂಗಳೂರು ಮಾಮಾ ಇರುತ್ತಾನೆ. ಹುಟ್ಟಿದ್ದು ಇಲ್ಲೇ, ಸಾಲಿ ಕಲಿತದ್ದೂ ಇಲ್ಲೇ. "ದಿನಾ ಅದ ರೊಟ್ಟಿ ಏನವ್ವಾ" ಎಂದು ಗಂಗಾಳ ಸರಿಸಿ ಎದ್ದು ಹೋಗುತ್ತಿದ್ದವನೂ ಇವನೇ. ಬೆಂಗಳೂರು ಸೇರಿ ತಲೆಗೂದಲು ತೆಳ್ಳಗಾದ ಮೇಲೆ ಅದೇ ರೊಟ್ಟಿ ಅವನಿಗೆ 'ಅಥೆಂಟಿಕ್' ಆಗಿದೆ. ಭಾನುವಾರದ ಬೆನ್ನಿಗೆ ಒಂದು ಸರಕಾರಿ ಸೂಟಿ ಅಂಟಿಕೊಂಡರೆ ಸಾಕು, ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿಬಿಡುತ್ತಾನೆ. ಗುಮ್ಮಟ ನೋಡುವುದಕ್ಕಲ್ಲ, ತಿನ್ನುವುದಕ್ಕೆ.

ನಮ್ಮ ಮಾಮಾ ಈ ಸಲ ಬಂದದ್ದು ಆಗಸ್ಟ್ 15ರ ಸೂಟಿಗೆ. ಪಟ್ಟಿ ಫೋನಿನಲ್ಲೇ ಇತ್ತು: ಮುಂಜಾನೆ ಇಂಡಿ, ಮಧ್ಯಾಹ್ನ ಸಿಂದಗಿ, ಸಂಜೆ ಮುದ್ದೇಬಿಹಾಳ, ಮರುದಿನ ಬಸವನ ಬಾಗೇವಾಡಿ. ಒಂದು ಉತ್ತರಕ್ಕೆ, ಒಂದು ಪೂರ್ವಕ್ಕೆ, ಎರಡು ದಕ್ಷಿಣದ ಕಡೆಗೆ. ಫೋನಿನ ನಕಾಶೆಯಲ್ಲಿ ನಾಲ್ಕೂ ಊರು ಒಂದು ಹೆಬ್ಬೆರಳಿನ ಕೆಳಗೆ ಮುಚ್ಚಿಹೋಗುತ್ತಿದ್ದವು. ಕಾರು ಅಪ್ಪಂದು, ಡ್ರೈವರ್ ನಾನು, ಡಿಸೇಲ್ ಯಾರದೆಂಬುದು ಕೊನೆಯವರೆಗೂ ಇತ್ಯರ್ಥವಾಗಲಿಲ್ಲ.

ಮಾಮಾನದೊಂದು ಸಿದ್ಧಾಂತವಿದೆ. "ಹೊಟ್ಟಿ ತುಂಬ ಎಲ್ಲೂ ತಿನ್ನಬಾರದೋ. ಒಂದೊಂದ ಊರಾಗ ಬರೇ ರುಚಿ ನೋಡಬೇಕು." ಇದನ್ನು ಅವನು ಮನೆಯಲ್ಲಿ ಎರಡನೇ ತಾಟು ಒಗ್ಗರಣಿ ಅವಲಕ್ಕಿ ಮುಗಿಸುತ್ತ ಹೇಳಿದ.

ಇಂಡಿಯಲ್ಲಿ ಅವನು ಹುಡುಕಿದ್ದು ಲಿಂಬಿ. 2023ರಲ್ಲಿ ಇಂಡಿ ಲಿಂಬೆಗೆ ಜಿಐ ಟ್ಯಾಗ್ ಸಿಕ್ಕ ಸುದ್ದಿ ಓದಿದಾಗಿನಿಂದ ಆ ಊರಿನಲ್ಲಿ ಲಿಂಬಿ ಅನ್ನ, ಲಿಂಬಿ ಐಸ್‌ಕ್ರೀಮು, ಲಿಂಬಿಯ ಕಮಾನು ಎಲ್ಲ ಇರುತ್ತದೆಂದು ನಂಬಿಕೊಂಡಿದ್ದ. ಹೋಟೆಲಿನಲ್ಲಿ ಕೂತು "ಲಿಂಬಿದು ಏನ್ ಸ್ಪೆಷಲ್ ಐತ್ರಿ?" ಎಂದ. ಗಲ್ಲಾದ ಮೇಲಿದ್ದ ಹಿರಿಯರು ತುಸು ಹೊತ್ತು ವಿಚಾರ ಮಾಡಿ, "ಲಿಂಬಿ ಲಾರ್‍ಯಾಗ ಹೋಗ್ತಾವ್ರಿ. ನಿಮಗ ಸುಸಲಾ ಕೊಡಲೇನು?" ಎಂದರು. ಚುರಮುರಿ ತೊಯಿಸಿ, ಒಗ್ಗರಣೆ ಕೊಟ್ಟು, ಪುಟಾಣಿ ಹಿಟ್ಟು ಉದುರಿಸಿದ ಬಿಸಿ ಸುಸಲಾದ ಮೇಲೆ ಅರ್ಧ ಲಿಂಬಿಹಣ್ಣು ಬಂತು. ತೆಳು ಸಿಪ್ಪೆ, ಹಿಂಡುವ ಮೊದಲೇ ರಸ ಬೆರಳಿಗಿಳಿಯುವಂಥದು. ಮಾಮಾ ಅದನ್ನು ಬೆಳಕಿಗೆ ಹಿಡಿದು ಹೊರಳಿಸಿ ಹೊರಳಿಸಿ ನೋಡಿದ. ಟ್ಯಾಗ್ ಎಲ್ಲಿ ಅಂಟಿಸಿದ್ದಾರೆಂದು ಹುಡುಕುತ್ತಿದ್ದಾನೋ ಏನೋ ಅಂತ ನನಗೆ ಅನುಮಾನ. ಫೋಟೋ ತೆಗೆದು ಮುಗಿಯುವುದರೊಳಗೆ ಸುಸಲಾ ಆರಿತ್ತು. ಬಿಸಿ ಇನ್ನೊಂದು ಪ್ಲೇಟು ಹೇಳಿದ. ಬರೇ ರುಚಿಗೆ.

ಸಿಂದಗಿಯ ಖಾನಾವಳಿ ಹೊಕ್ಕಾಗ ಹೊತ್ತು ಎರಡು ಗಂಟೆ. ಬಾಡಿಗೆ ಗಾಡಿಯವರು, ಹಳ್ಳಿಯಿಂದ ಬಂದ ರೈತರು, ಕಾಲೇಜಿನ ಹುಡುಗರು. ಒಳಗಿನಿಂದ ರೊಟ್ಟಿ ಬಡಿಯುವ ಪಟಪಟ ಸಪ್ಪಳ.

"ಇಲ್ಲಿ ಸ್ಪೆಷಲ್ ಏನ್ರಿ?"

"ರೊಟ್ಟಿ ಐತ್ರಿ. ಎಣಗಾಯಿ, ಕಾಳ ಪಲ್ಯ, ಹಿಂಡಿ."

"ಅದು ಬಿಟ್ಟು?"

"ಅದು ಬಿಟ್ರ ಬಾಗಲಾ ಹಾಕ್ತೀವ್ರಿ."

ಮಾಮಾ ಧೈರ್ಯ ಮಾಡಿ ಹಾಫ್ ಪ್ಲೇಟ್ ಕೇಳಿದ. ಆ ಶಬ್ದ ಆ ಕೋಣೆಯಲ್ಲಿ ಹಿಂದೆ ಯಾರೂ ಆಡಿರಲಿಕ್ಕಿಲ್ಲ. ಮಾಲಕರು ಹತ್ತಿರ ಬಂದು ಕಾಳಜಿಯಿಂದಲೇ ಹೇಳಿದರು: "ಆರಾಮ ಇಲ್ಲದವರು ಮನ್ಯಾಗ ಗಂಜಿ ಕುಡೀತಾರ್‍ರಿ. ಖಾನಾವಳಿಗೆ ಬರಂಗಿಲ್ಲ."

ತಾಟು ಬಂತು. ಕೆಂಡದ ಕಲೆ ಬಿದ್ದ ಬಿಳಿಜೋಳದ ರೊಟ್ಟಿ, ಮಾಲದಂಡಿ ಜೋಳದ್ದು, ಮುರಿದರೆ ಒಳಗಿಂದ ಹಬೆ. ಎಣ್ಣೆ ಮೇಲೆ ತೇಲುವ ಎಣಗಾಯಿ, ಶೇಂಗಾ ಹಿಂಡಿಯ ನಡುವೆ ತೆಗ್ಗು ಮಾಡಿ ಹಾಕಿದ ಕೆನಿ ಮೊಸರು, ಬದಿಗೆ ಹಸಿ ಮೆಂತ್ಯದ ತಪ್ಪಲು, ಉಳ್ಳಾಗಡ್ಡಿ. ಎರಡು ರೊಟ್ಟಿಗೆ ಮಾಮಾ ತಾಟಿನ ಮೇಲೆ ಕೈ ಅಡ್ಡ ಹಿಡಿದ. ನೀಡುವ ಹುಡುಗ ನಿಂತ. ಮಾಲಕರು ಅಲ್ಲಿಂದಲೇ ಕೇಳಿದರು, "ಯಾಕ್ರೀ ಸಾಹೇಬ್ರ, ಚಲೋ ಆಗಿಲ್ಲೇನ್ರಿ?" ಇಡೀ ಖಾನಾವಳಿ ತಿರುಗಿ ನೋಡಿತು. ನಮ್ಮ ಕಡೆ ಈ ಪ್ರಶ್ನೆಗೆ ಬಾಯಿಂದ ಉತ್ತರ ಕೊಡಲಿಕ್ಕೆ ಬರುವುದಿಲ್ಲ, ತಿಂದೇ ತೋರಿಸಬೇಕು. ಮಾಮಾ ಮತ್ತೆ ಮೂರು ರೊಟ್ಟಿ ಉತ್ತರ ಕೊಟ್ಟ. ಅನ್ನ ಸಾರು ಬೇರೆ.

ಏಳುವಾಗ ಬೆಲ್ಟಿನ ತೂತು ಬದಲಾಗಿತ್ತು. ಆದರೂ ಕೈ ತೊಳೆಯುವಲ್ಲಿ ಕೇಳಿದ, "ಸೀತನಿ ಎಲ್ಲಿ ಸಿಗ್ತಾವ್ರಿ?"

"ಹೊಲದಾಗ."

"ಯಾವ ಹೋಟೆಲಿನಾಗ ಅಂದೆ."

"ಹೊಲದಾಗ್ರಿ. ಅದೂ ಈಗಲ್ಲ, ಇನ್ನಾ ಜೋಳ ಬಿತ್ತೇ ಇಲ್ಲ."

ಹಿಂಗಾರಿ ಜೋಳದ ಎಳೆ ತೆನೆಯನ್ನು ಚಳಿಗಾಲದಲ್ಲಿ ಕುಳ್ಳಿನ ಕೆಂಡದಲ್ಲಿ ಸುಟ್ಟು ತಿಕ್ಕಿದರೆ ಸೀತನಿ. ಹೊಲದವನ ಮಗನಿಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೆ ಬೆಂಗಳೂರಿನಲ್ಲಿ ವರ್ಷವಿಡೀ ಮಾವಿನ ಹಣ್ಣಿನ ರಸ ಕುಡಿದವನಿಗೆ ತಿಂಗಳುಗಳ ಲೆಕ್ಕ ತಪ್ಪಿರುತ್ತದೆ.

ತಾಳಿಕೋಟಿ ಮೇಲೆ ಹಾದು ಹೋದೆವು. 1565ರ ಯುದ್ಧಕ್ಕೆ ಹೆಸರು ಕೊಟ್ಟ ಊರು. ಮಾಮಾ ಮಾತಾಡಲಿಲ್ಲ, ಅವನ ಯುದ್ಧ ಒಳಗೇ ನಡೆದಿತ್ತು. ಮುದ್ದೇಬಿಹಾಳದ ಬಸ್‌ಸ್ಟ್ಯಾಂಡಿನ ಹತ್ತಿರ ಮಿರ್ಚಿ ಭಜಿಯ ಎಣ್ಣೆ ವಾಸನೆ ಮೂಗಿಗೆ ಬಡಿದಾಗ ಒಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಇನ್ನೊಂದು ಕೈಯಿಂದ ಕಾರಿನ ಬಾಗಿಲು ತೆಗೆದ. ಗಿರಮಿಟ್ಟು ನನ್ನ ಪಾಲಿಗೆ ಬಂತು. ಮಿರ್ಚಿ ಅವನೇ ತಿಂದ, ಒಂದೊಂದಕ್ಕೂ ಒಂದು ಗುಟುಕು ಸೋಡಾ ಕುಡಿಯುತ್ತ. ಆ ರಾತ್ರಿ ನಮ್ಮ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ಅವ್ವ ಅಜವಾನದ ಡಬ್ಬಿ ಹಿಡಿದು ಓಡಾಡಿದಳು.

ಮರುದಿನ ಬಾಗೇವಾಡಿ. ಬಸವಣ್ಣನವರು ಹುಟ್ಟಿದ ಊರು, ಶ್ರಾವಣ ಬೇರೆ. ಗುಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೈ ಮುಗಿದು ದೊಡ್ಡವ್ವನ ಮನೆಗೆ ಹೋದೆವು. ಮಾಮಾನ ಪಟ್ಟಿಯಲ್ಲಿ ಈ ಮನೆ ಇರಲಿಲ್ಲ, ಇದಕ್ಕೆ ಸ್ಟಾರ್ ಇಲ್ಲವಲ್ಲ.

ದೊಡ್ಡವ್ವ ಪಂಚಮಿಯ ಡಬ್ಬಿಗಳನ್ನೆಲ್ಲ ಸಾಲಾಗಿ ಇಳಿಸಿದ್ದಳು. ಶೇಂಗಾ ಉಂಡಿ, ಎಳ್ಳುಂಡಿ, ಬೂಂದಿ ಉಂಡಿ, ಜೋಳದ ಅಳ್ಳು. ಒಲೆಯ ಮೇಲೆ ಶೇಂಗಾ ಹೋಳಿಗಿ, ಪಕ್ಕದಲ್ಲಿ ತುಪ್ಪದ ಗಿಂಡಿ. ಮಾಮಾ ಗೋಡೆಗೆ ಒರಗಿ ಕೂತು, "ಅಕ್ಕಾ, ಬರೇ ಮಜ್ಜಿಗಿ ಕೊಡ" ಎಂದ.

"ಯಾಕೋ ತಮ್ಮಾ, ಅಕ್ಕನ ಕೈಯಾಗಿಂದು ನಡ್ಯೂದಿಲ್ಲೇನು ಈಗ?"

ಮತ್ತದೇ ಪ್ರಶ್ನೆ. ಈ ಸಲ ಉತ್ತರ ಕೊಡಲು ಹೊಟ್ಟೆಯಲ್ಲಿ ಜಾಗವಿರಲಿಲ್ಲ. ಒಂದು ಹೋಳಿಗಿಯನ್ನು ನಾಲ್ಕು ಭಾಗ ಮಾಡಿ, ಒಂದು ಭಾಗವನ್ನು ನಾಲ್ಕು ಸಲ ಫೋಟೋ ತೆಗೆದ. ದೊಡ್ಡವ್ವ ಕೊನೆಗೆ ಮೆತ್ತಗಾದಳು. "ಇರ್ಲಿ ಬಿಡು. ಎಳ್ಳಮಾಸಿಗಿ ಬಾ. ಚರಗಾ ಚೆಲ್ಲೂಣು. ಸಜ್ಜಿ ರೊಟ್ಟಿ, ಸಜ್ಜಿ ಕಡಬು, ಪುಂಡಿಪಲ್ಯ, ಹೊಲದಾಗ ಕುಂತು ಉಣ್ಣೂಣು. ಸೀತನಿನೂ ಆಗಿರ್ತಾವ."

ಮಾಮಾ ತಕ್ಷಣ ಫೋನು ತೆಗೆದು ಕ್ಯಾಲೆಂಡರ್ ನೋಡಿದ. ಮುಖ ಸಣ್ಣದಾಯಿತು. ವಾರದ ನಡುವೆ ಬಂದಿತ್ತು, ಸೂಟಿ ಇಲ್ಲ.

"ಅಕ್ಕಾ, ಚರಗದ್ದು ಪಾರ್ಸಲ್ ಕಳಸಾಕ ಬರ್ತೈತೇನು?"

"ಚರಗಾ ಮೊದಲ ಭೂಮಿತಾಯಿಗಿ ಚೆಲ್ಲೂದೋ ಯಪ್ಪಾ. ಆಕಿನ್ನೂ ಕಟ್ಟಿ ಕಳಸಲೇನು ಬೆಂಗಳೂರಿಗಿ?"

ಮಾಮಾ ಸ್ವಲ್ಪ ಹೊತ್ತು ವಿಚಾರ ಮಾಡಿ, ನನ್ನ ಕಡೆ ಬಗ್ಗಿ ಕೇಳಿದ: "ಕಿಲೋಕ್ಕ ಎಷ್ಟ ತಗೋತಾರೋ ಕೊರಿಯರ್‌ನವರು?"