ಪಂಪ್‌ವೆಲ್‌ನಲ್ಲಿ ಸೀಸದ ಗುಂಡು ಎರೆಯುವ ಕ್ರಮ

ಬೇಕಾಗುವ ಸಾಮಾನು: ಎರಡು ಕಿಲೋ ಸೀಸ, ದಪ್ಪ ತಳದ ಬಾಣಲೆ, ಬೂಂದಿ ಜಾಲರಿ, ಒಂದು ಎತ್ತರ, ಒಂದು ಬಾವಿ. ಜೊತೆಗೆ, ಊರಲ್ಲಿ ತೆಂಗಿನ ತೋಟವಿದ್ದೂ ಪೇಟೆಯ ಫ್ಲ್ಯಾಟಿನಲ್ಲಿ ಕೂತು ಮಂಗನ ಮೇಲೆ ಹಲ್ಲು ಕಡಿಯುವ ಒಬ್ಬ ಗೃಹಸ್ಥ. ಕೊನೆಯದು ನಮ್ಮಲ್ಲಿ ಧಾರಾಳ.

ಸೀಸಕ್ಕಾಗಿ ಅಂಗಡಿ ಹುಡುಕಬೇಡಿ. ಪಂಪ್‌ವೆಲ್ ಅಂದರೆ ಮಂಗಳೂರಿನಲ್ಲಿ ಹೆದ್ದಾರಿ 66 ಮತ್ತು 75 ಕೂಡುವ ಜಾಗ. ಮಳೆಗಾಲದ ಗುಂಡಿಗೆ ಇಳಿದ ಕಾರು ಏನಾದರೂ ಕಾಣಿಕೆ ಹಾಕದೆ ಮೇಲೇಳುವುದಿಲ್ಲ. ಚಕ್ರದ ಬ್ಯಾಲೆನ್ಸಿಗೆಂದು ರಿಮ್ಮಿಗೆ ಬಡಿದಿರುವ ಬೂದು ತುಂಡುಗಳನ್ನು ಹೆಕ್ಕಿ. ಚೂರಿಯ ಮೊನೆಗೆ ಮೆತ್ತಗಾದರೆ ಸೀಸ, ಇಲ್ಲವಾದರೆ ಸತುವೋ ಕಬ್ಬಿಣವೋ. ಗುಂಡಿಯಿಂದ ಗುಂಡು ಅಂದರೆ ಇದೇ.

ಸೀಸ ಕರಗುವುದು 327 ಡಿಗ್ರಿಯಲ್ಲಿ. ಅಡುಗೆಮನೆಯ ಒಲೆಯಲ್ಲೇ ಆದೀತು ಅನ್ನಿಸುತ್ತದೆ, ಆಗುತ್ತದೆ ಕೂಡ. ಆದರೆ ಆ ಬಾಣಲೆ ಮತ್ತೆ ಒಗ್ಗರಣೆಗೆ ಬರಬಾರದು. ಸೀಸದ ಹೊಗೆ, ಧೂಳು ಮಕ್ಕಳ ಮೆದುಳಿಗೆ ವಿಷ. ಕರಗಿದ ಸೀಸಕ್ಕೆ ನೀರಿನ ಹನಿ ಬಿದ್ದರೆ ಸಿಡಿದು ಮುಖಕ್ಕೆ ರಟ್ಟುತ್ತದೆ. ಜೂನ್ ಬಂತೆಂದರೆ ತಲೆದಿಂಬೂ ಒದ್ದೆಯಾಗುವ ಊರಿನಲ್ಲಿ ಒಣಗಿದ ಜಾಗ ಹುಡುಕುವ ಜವಾಬ್ದಾರಿ ನಿಮ್ಮದೇ.

ಇನ್ನು ಎತ್ತರ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ವಿಲಿಯಂ ವಾಟ್ಸ್ ಎಂಬ ಪ್ಲಂಬರ್ ಇದ್ದ. ಪ್ಲಂಬರ್ ಎಂಬ ಹೆಸರೇ ಸೀಸದ ಲ್ಯಾಟಿನ್ ಹೆಸರಿನಿಂದ ಬಂದದ್ದು, ನಮ್ಮ ನಲ್ಲಿ ರಿಪೇರಿಯವರಿಗೆ ಹೇಳಿ ನೋಡಿ, ಖುಷಿಯಾದಾರು. ಕನಸಿನಲ್ಲಿ ಸೀಸದ ಮಳೆ ಸುರಿದದ್ದರಿಂದ ಅವನಿಗೆ ಉಪಾಯ ಹೊಳೆಯಿತೆಂದು ಕತೆ. ಕರಗಿದ ಸೀಸವನ್ನು ಎತ್ತರದಿಂದ ಜಾಲರಿಯಲ್ಲಿ ಬಿಟ್ಟರೆ ಹನಿಗಳು ಬೀಳುತ್ತಾ ತಾವೇ ಉರುಟಾಗುತ್ತವೆ, ಕೆಳಗಿನ ನೀರಿಗೆ ಬಿದ್ದು ಗಟ್ಟಿಯಾಗುತ್ತವೆ. ಬೂಂದಿ ಮಾಡಿದ ಹಾಗೆ, ಎಣ್ಣೆಯ ಬದಲು ನೀರು. 1782ರಲ್ಲಿ ಪೇಟೆಂಟ್ ಪಡೆದ. ಮನೆಯ ಎತ್ತರ ಸಾಲದೆ ಮೇಲೆ ಗೋಪುರ ಕಟ್ಟಿದ, ಅದೂ ಸಾಲದೆ ಕೆಳಗೆ ಬಾವಿಯಂತೆ ತೋಡಿದ.

ಈಗ ಪಂಪ್‌ವೆಲ್ ಏಕೆಂದು ತಿಳಿಯಿತಲ್ಲ? ಹೆಸರಲ್ಲೇ ಬಾವಿ ಇದೆ. ಮೇಲೆ ಫ್ಲೈಓವರ್ ಇದೆ: ಹತ್ತು ವರ್ಷ ಎಳೆದು 2020ರ ಜನವರಿ 31ರಂದು ತೆರೆದದ್ದು, ಅಷ್ಟು ಕಾದ ಕಟ್ಟಡಕ್ಕೆ ಇನ್ನೊಂದು ಉಪಯೋಗ ಇರಲಿ. ಕೆಳಗೆ ನೀರಂತೂ ಒಂದು ಜೋರು ಮಳೆಗೆ ತಾನೇ ನಿಲ್ಲುತ್ತದೆ. ಎತ್ತರ ಮಾತ್ರ ಕಡಿಮೆಯಾಯಿತು. ಹನಿ ಉರುಟಾಗುವ ಮೊದಲೇ ಯಾರದೋ ಸ್ಕೂಟರಿನ ಮೇಲೆ ಬಿದ್ದಿರುತ್ತದೆ.

ಇಲ್ಲಿಯವರೆಗೆ ಓದಿ ಗ್ಯಾಸ್ ಹಚ್ಚಿದವರು ಆರಿಸಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಮದ್ದುಗುಂಡು ತಯಾರಿಗೆ ಬೇರೆಯೇ ಪರವಾನಗಿ ಬೇಕು, ಕೋವಿಯ ಲೈಸೆನ್ಸ್ ಸಾಲದು. ಕೈಪಿಡಿ ಇದನ್ನು ಮೊದಲೇ ಹೇಳಬೇಕಿತ್ತು.

ಮುಂದಿನ ಅಧ್ಯಾಯ, ನಳಿಗೆಯ ಗುರಿ ಸುಧಾರಣೆ. ರೈಫಲ್ಲಿನ ನಳಿಗೆಯೊಳಗೆ ಬಳ್ಳಿ ಸುತ್ತಿದ ಹಾಗೆ ಗೀರುಗಳಿರುತ್ತವೆ; ಗುಂಡು ಬುಗುರಿಯಂತೆ ತಿರುಗುತ್ತಾ ನೇರ ಹೋಗುತ್ತದೆ. ನಮ್ಮ ತೋಟದ ಕೇಪಿನ ಕೋವಿಯ ಒಳಗೆ ಬರೀ ನುಣುಪು, ಚರೆ ಹೋದದ್ದೇ ದಾರಿ. ಕೊಡಗಿನಲ್ಲಿ ಕೈಲ್ ಮುಹೂರ್ತ ಹಬ್ಬಕ್ಕೆ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುತ್ತಾರೆ. ಘಟ್ಟದ ಕೆಳಗೆ ಮಂಗ ಬೊಂಡ ಕಿತ್ತು ನಮ್ಮ ತಲೆಗೆ ಗುರಿಯಿಡುತ್ತದೆ, ತಪ್ಪುವುದು ಕಡಿಮೆ.

ಈ ಅಧ್ಯಾಯ ಬರೆಯುತ್ತಿದ್ದಾಗ ಊರಿನ ಮಾವ ತಡೆದರು. "ಗುರಿ ಎಂಥಕ್ಕೆ ಮಾರಾಯಾ? ಮಂಗನಿಗೆ ತಾಗಿದರೆ ಫಾರೆಸ್ಟಿನವರು ಬರುತ್ತಾರೆ. ಶಬ್ದ ಆದರೆ ಸಾಕು." 1972ರ ವನ್ಯಜೀವಿ ಕಾಯ್ದೆ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಆದ್ದರಿಂದ ತಿದ್ದುಪಡಿ: ನಳಿಗೆಯನ್ನು ಆಕಾಶಕ್ಕೆ ಎತ್ತಿ, ಗುಂಡು ಹಾಕಬೇಡಿ.

ಅದಕ್ಕೂ ಕೋವಿ ಮನೆಯಲ್ಲಿರಬೇಕು. 2023ರ ಮೇ ತಿಂಗಳಲ್ಲಿ ವಿಧಾನಸಭೆ, 2024ರ ಏಪ್ರಿಲ್‌ನಲ್ಲಿ ಲೋಕಸಭೆ ಚುನಾವಣೆ. ಪ್ರತಿ ಸಲವೂ ನೀತಿಸಂಹಿತೆ ಬಂದೊಡನೆ ಕೋವಿ ಠಾಣೆಗೆ ಹೋಗಿ ಠೇವಣಿಯಾಯಿತು, ತುಕ್ಕು ಹೊತ್ತು ಮರಳಿತು. ತುಕ್ಕಿಗೆ ತೆಂಗಿನೆಣ್ಣೆ ಸವರಿ, ಮಂಗ ಕಾಯಿ ಬಿಟ್ಟಿದ್ದರೆ.

ಕೋವಿ ಠಾಣೆಯಲ್ಲಿದ್ದ ದಿನಗಳಲ್ಲಿ ಮಾವ ಗರ್ನಾಲು ಹಚ್ಚಿದರು. ಎರಡು ದಿನ ಮಂಗಗಳು ಓಡಿದವು. ಮೂರನೇ ದಿನ ಬೆಂಕಿಪೊಟ್ಟಣ ತೆಗೆದದ್ದು ಕಂಡು ಮುದಿ ಮಂಗವೊಂದು ಕಿವಿ ಮುಚ್ಚಿಕೊಂಡು ಕೂತಿತಂತೆ. ನಾನು ನಂಬಲಿಲ್ಲ. ಬೊಂಡ ಎಣಿಸಿ ನೋಡು ಅಂದರು.