ಪ್ರಾಬ್ಲಂ ಅನ್ನಬಾರದಂತೆ, ಇಶ್ಯೂ ಅನ್ನಬೇಕಂತೆ

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿರುವ ನನ್ನ ಮೊಮ್ಮಗ ಹೋದ ದೀಪಾವಳಿಗೆ ಹಲಕುಂದಿಗೆ ಬಂದಿದ್ದ. ಒಂದು ಪ್ಲೇಟು ಒಗ್ಗಾಣಿ, ಎರಡು ಮಿರ್ಚಿ ಮುಗಿಸುವಷ್ಟರಲ್ಲಿ ಮೂರು ಸಲ ಫೋನು. ಮೂರು ಸಲವೂ ಅವನದು ಒಂದೇ ಉತ್ತರ: “ನೋ ಇಶ್ಯೂಸ್, ನೋ ಇಶ್ಯೂಸ್.” ಒಳಗಿದ್ದ ನಮ್ಮಾಕೆ ಸೆರಗಿಗೆ ಕೈ ಒರೆಸುತ್ತಾ ಹೊರಗೆ ಬಂದಳು. ಅವಳ ಅಪ್ಪ ಬಳ್ಳಾರಿಯಲ್ಲಿ ವಕೀಲರೊಬ್ಬರ ಗುಮಾಸ್ತರಾಗಿದ್ದವರು. ಆಸ್ತಿ ವ್ಯಾಜ್ಯದ ಕಾಗದಗಳಲ್ಲಿ ‘ಇಶ್ಯೂ’ ಅಂದರೆ ಸಂತಾನ ಅನ್ನುವುದು ಅವಳಿಗೆ ಲಂಗ ಉಡುವ ಕಾಲದಿಂದ ಗೊತ್ತು. ಪೇಪರಿನ ವಧೂವರರ ಕಾಲಂನಲ್ಲೂ ಎರಡನೇ ಸಂಬಂಧದವರು ‘ನೋ ಇಶ್ಯೂಸ್’ ಎಂದು ಹಾಕಿಸುವುದು ಅದೇ ಅರ್ಥಕ್ಕೆ. ಮೊಮ್ಮಗನ ಮದುವೆಯಾಗಿ ಮೂರು ವರ್ಷ.

“ಯಪ್ಪಾ, ಅದನ್ನ ಫೋನ್‌ನಾಗ ಊರಿಗೆಲ್ಲ ಯಾಕ ಸಾರ್ತಿ? ಚೆಳ್ಳಗುರ್ಕಿ ಎರ್ರಿತಾತಗ ಬೇಡಿಕೊಂಡೀನಿ. ಆಗ್ತಾವು ಬಿಡು,” ಅಂದಳು.

ಹುಡುಗ ಮಿರ್ಚಿ ಗಂಟಲಿಗೆ ಸಿಕ್ಕಿಸಿಕೊಂಡು ಕೆಮ್ಮಿದ. ನೀರು ಕುಡಿದು ಸುಧಾರಿಸಿಕೊಂಡ ಮೇಲೆ ನನಗೆ ಪಾಠ ಶುರು ಮಾಡಿದ. “ಆಫೀಸ್‌ನಾಗ ಪ್ರಾಬ್ಲಂ ಅನ್ನಬಾರದು ತಾತ, ಇಶ್ಯೂ ಅನ್ನಬೇಕು. ಸ್ವಲ್ಪ ದೊಡ್ಡದಾದ್ರ ಕನ್ಸರ್ನ್. ಬಾಸ್ ಮುಂದ ಹೇಳಾದಾದ್ರ ಚಾಲೆಂಜ್.”

“ಹಂಗಾದ್ರ ಪ್ರಾಬ್ಲಂ ಅಂತ ಯಾವಾಗ ಅಂತೀರಿ?”

“ಪಗಾರ ಬರದಿದ್ದಾಗ.”

ಅವನು ಹೋದ ಮೇಲೂ ಈ ಮಾತು ನನ್ನ ತಲೆಯಲ್ಲಿ ಉಳಿಯಿತು. ಯಾಕೆಂದರೆ ಊರಿನಲ್ಲಿ ಇಂಗ್ಲಿಷ್ ಅರ್ಜಿ ಬರೆದುಕೊಡುವ ಕೆಲಸ ಬಹಳ ವರ್ಷ ನನ್ನದೇ ಆಗಿತ್ತು. ಫೀಸು ಒಂದು ಚಹಾ. ನನ್ನ ಬಂಡವಾಳ ಒಂದು ಹರಕು ಡಿಕ್ಷನರಿ. ಅದು ಹೇಳಿದ್ದೇ ವೇದ. ಒಂದು ಸಲ ನಮ್ಮ ಓಣಿಗೆ ನಲ್ಲಿ ಬೇಕೆಂದು ಅರ್ಜಿ ಬರೆಯಬೇಕಾಯಿತು. ‘ಬೇಡಿಕೆ’ಗೆ ಡಿಕ್ಷನರಿ ‘ಡಿಮ್ಯಾಂಡ್’ ಅಂದಿತು. ‘ವಿ ಡಿಮ್ಯಾಂಡ್ ಎ ಟ್ಯಾಪ್’ ಎಂದು ದುಂಡಗೆ ಬರೆದುಕೊಂಡು ಐದು ಜನ ಹೋದೆವು. ಕುರ್ಚಿಯಲ್ಲಿದ್ದ ಸಾಹೇಬರು ಓದಿ ಕನ್ನಡಕ ತೆಗೆದರು.

“ಏನ್ರೀ, ಜಗಳಕ್ಕ ಬಂದೀರೇನು?”

“ಇಲ್ಲ ಸಾರ್, ಬೇಡಿಕೊಳ್ಳಾಕ ಬಂದೀವಿ.”

ತಪ್ಪು ಎಲ್ಲಾಯಿತು ನೋಡಿ. ನಮ್ಮ ಬೇಡಿಕೆ ಹುಟ್ಟಿದ್ದು ಬೇಡುವುದರಿಂದ. ಅದು ಕೈ ಮುಗಿದುಕೊಂಡೇ ನಿಂತ ಪದ. ಇಂಗ್ಲಿಷಿನ ಡಿಮ್ಯಾಂಡು ಕೋಲು ಹಿಡಿದು ನಿಂತದ್ದು. ಫ್ರೆಂಚರಲ್ಲಿ ಇದರ ಮೂಲದ ‘ದಮಾಂದೆ’ ಅನ್ನುವುದಕ್ಕೆ ಬರೀ ಕೇಳು ಅಂತಲೇ ಅರ್ಥ. ಕಾಲುವೆ ದಾಟಿ ಇಂಗ್ಲೆಂಡಿಗೆ ಬಂದ ಮೇಲೆ ಅದಕ್ಕೆ ಮೀಸೆ ಬಂತು. ನಮ್ಮ ಬೇಡಿಕೆಗೂ ಕಾರ್ಮಿಕ ಸಂಘಗಳ ಸಹವಾಸದಲ್ಲಿ ಸ್ವಲ್ಪ ಮೀಸೆ ಚಿಗುರಿದೆ, ಇಲ್ಲವೆನ್ನಲಾರೆ. ಬಳ್ಳಾರಿ ಮದ್ರಾಸು ಪ್ರಾಂತ್ಯದಲ್ಲಿದ್ದ ಕಾಲದ ಅರ್ಜಿಗಳು ‘ಐ ಬೆಗ್ ಟು ಸ್ಟೇಟ್’ ಎಂದು ಶುರುವಾಗಿ ‘ಯುವರ್ ಮೋಸ್ಟ್ ಒಬೀಡಿಯಂಟ್ ಸರ್ವಂಟ್’ ಎಂದು ನೆಲಕ್ಕೆ ಬಿದ್ದು ಮುಗಿಯುತ್ತಿದ್ದವು. ಬೆಗ್ ಅಂದರೆ ಮಾನ ಹೋಗುತ್ತದೆ, ಡಿಮ್ಯಾಂಡ್ ಅಂದರೆ ನಲ್ಲಿ ಹೋಗುತ್ತದೆ. ಅಲ್ಲೇ ಕೂತು ‘ರಿಕ್ವೆಸ್ಟ್’ ಎಂದು ತಿದ್ದಿ ಕೊಟ್ಟೆ.

ಇಂಗ್ಲಿಷಿನವರಿಗೆ ಇಷ್ಟೊಂದು ಜೋಡಿ ಪದಗಳು ಯಾಕೆ ಅಂದರೆ ಅವರ ಮನೆಗೆ ಸೊಸೆಯರು ಬಹಳ. 1066ರಲ್ಲಿ ನಾರ್ಮಂಡಿಯ ವಿಲಿಯಂ ಗೆದ್ದು ಸಿಂಹಾಸನ ಹತ್ತಿದ ಮೇಲೆ ಆಸ್ಥಾನಕ್ಕೆ ಫ್ರೆಂಚು ಬಂತು, ಮಠ ಮತ್ತು ಪಾಠದಲ್ಲಿ ಲ್ಯಾಟಿನ್ ಇದ್ದೇ ಇತ್ತು, ಅಡಿಗೆಮನೆಯಲ್ಲಿ ಹಳೆಯ ಇಂಗ್ಲಿಷ್ ಉಳಿಯಿತು. ಹಾಗಾಗಿ ಮನೆಯಲ್ಲಿ ಆಸ್ಕ್, ದರಬಾರಿನಲ್ಲಿ ಕ್ವೆಶ್ಚನ್, ಠಾಣೆಯಲ್ಲಿ ಇಂಟರಾಗೇಟ್. ನಮಗೇನು ಇದು ಹೊಸದೇ? ಮಗಳು ಕೇಳುತ್ತಾಳೆ, ಪತ್ರಕರ್ತ ಪ್ರಶ್ನಿಸುತ್ತಾನೆ, ಪೊಲೀಸರು ವಿಚಾರಿಸುತ್ತಾರೆ. ಬೀಗರೂ ಚೆನ್ನಾಗಿ ವಿಚಾರಿಸಿಕೊಳ್ಳುತ್ತಾರೆ, ಪೊಲೀಸರೂ ಚೆನ್ನಾಗಿ ವಿಚಾರಿಸಿಕೊಳ್ಳುತ್ತಾರೆ. ಮನೆಗೆ ಬಂದವನ ನಡಿಗೆ ನೋಡಿದರೆ ಯಾರು ವಿಚಾರಿಸಿದರೆಂದು ತಿಳಿಯುತ್ತದೆ.

ಸಾವಿನ ಮನೆಯಲ್ಲಿ ನೋಡಿ, ನಮ್ಮೂರಿನಲ್ಲಿ ಒಂದಕ್ಷರ ಓದದವರೂ ಪದ ತಪ್ಪುವುದಿಲ್ಲ. ಸ್ವಾಮಿಗಳು ಲಿಂಗೈಕ್ಯರಾಗುತ್ತಾರೆ, ಪಕ್ಕದ ಮನೆ ಹಿರಿಯರು ತೀರಿಕೊಳ್ಳುತ್ತಾರೆ, ಎಳೆಯ ಜೀವ ‘ಹೋಗಿಬಿಡ್ತು’, ಸಾಲ ತೀರಿಸದೆ ಹೋದವನು ಮಾತ್ರ ಸತ್ತ. ಇಷ್ಟು ನಾಜೂಕು ಗೊತ್ತಿರುವ ನಾವೇ ಇಂಗ್ಲಿಷಿಗೆ ಬಂದಕೂಡಲೇ ಎಲ್ಲರನ್ನೂ ‘ಎಕ್ಸ್‌ಪೈರ್’ ಮಾಡಿಬಿಡುತ್ತೇವೆ. ಗುಳಿಗೆ ಎಕ್ಸ್‌ಪೈರ್, ಲೈಸೆನ್ಸ್ ಎಕ್ಸ್‌ಪೈರ್, ದೊಡ್ಡಪ್ಪನೂ ಎಕ್ಸ್‌ಪೈರ್. ಇಂಗ್ಲಿಷಿನಲ್ಲಿ ಆ ಪದಕ್ಕೆ ಕೊನೆಯುಸಿರೆಳೆ ಎಂಬ ಗೌರವದ ಅರ್ಥವೇ ಇದೆ, ತಪ್ಪಲ್ಲ. ಆದರೂ ಸಂತಾಪ ಹೇಳಲು ಹೋದಾಗ ಔಷಧಿ ಅಂಗಡಿ ನೆನಪಾದರೆ ಏನು ಮಾಡುವುದು?

ಆದ್ದರಿಂದ ಮೊಮ್ಮಗನಿಗೆ ನಾನು ಹೇಳಿದ್ದು ಇಷ್ಟೇ: ಎರಡು ಪದಗಳಲ್ಲಿ ಯಾವುದು ಸರಿ ಎಂದು ಡಿಕ್ಷನರಿಯನ್ನು ಕೇಳಬೇಡ, ಅದು ಎರಡಕ್ಕೂ ಹೂಂ ಅನ್ನುತ್ತದೆ. ಯಾರು ಯಾರಿಗೆ ಹೇಳುತ್ತಿದ್ದಾರೆ ನೋಡು. ಪಾಪ, ಡಿಕ್ಷನರಿಯನ್ನು ಬೈಯಲು ನಮಗೆ ಬಾಯಿಲ್ಲ. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಪಾದ್ರಿಯಾಗಿದ್ದ ವಿಲಿಯಂ ರೀವ್ ಇಂಗ್ಲಿಷ್–ಕನ್ನಡ ನಿಘಂಟನ್ನು 1824ರಲ್ಲೂ ಕನ್ನಡ–ಇಂಗ್ಲಿಷ್ ನಿಘಂಟನ್ನು 1832ರಲ್ಲೂ ಮದ್ರಾಸಿನಲ್ಲಿ ಅಚ್ಚು ಹಾಕಿಸಿದರು. ಕಿಟ್ಟೆಲ್ಲರ ನಿಘಂಟು ಬಂದದ್ದು 1894ಕ್ಕೆ, ಅಂದರೆ ರೀವ್ ಮುಗಿಸಿದ ಅರವತ್ತೆರಡು ವರ್ಷಕ್ಕೆ. ಬಳ್ಳಾರಿ ಬಿಸಿಲಿನಲ್ಲಿ ಕೂತು ಪದಕ್ಕೆ ಪದ ಹುಡುಕುವವನ ಪಾಡು ನೆನೆದರೆ ನನ್ನ ನಲ್ಲಿಯ ಸಿಟ್ಟು ಇಳಿಯುತ್ತದೆ.

ಪದ ಬದಲಾದರೆ ಬೆಲೆಯೂ ಬದಲಾಗುತ್ತದೆ ಅನ್ನುವುದನ್ನು ಬಳ್ಳಾರಿಯ ಜೀನ್ಸ್ ಹೊಲಿಯುವವರು ಬಲ್ಲರು. ಮೊಣಕಾಲ ಹತ್ತಿರ ಬೇಕೆಂದೇ ಹರಿದರೆ ‘ರಿಪ್ಡ್’, ಅದಕ್ಕೆ ಹೆಚ್ಚು ದುಡ್ಡು. ಕೈ ತಪ್ಪಿ ಹರಿದರೆ ‘ರಿಜೆಕ್ಟ್’. ಅದೇ ರಿಜೆಕ್ಟು ಫುಟ್‌ಪಾತಿಗೆ ಬಂದರೆ ‘ಸೆಕೆಂಡ್ಸ್’. ತೂತು ಒಂದೇ.

ಸರಕಾರವೂ ಕಡಿಮೆಯಿಲ್ಲ. 1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಥಾಮಸ್ ಮನ್ರೋ ಇಲ್ಲಿ ಪ್ರಿನ್ಸಿಪಲ್ ಕಲೆಕ್ಟರ್ ಆಗಿ ಬಂದ. ಮದ್ರಾಸಿನ ಆಳ್ವಿಕೆಯುದ್ದಕ್ಕೂ ನಮಗೆ ಕಲೆಕ್ಟರ್. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಮೈಸೂರಿನವರ ರೂಢಿಯಲ್ಲಿ ಅವರು ಡೆಪ್ಯೂಟಿ ಕಮಿಷನರ್. “ಕಲೆಕ್ಟರ್ ಹೋಗಿ ಯಾರೋ ಡೆಪ್ಯೂಟಿ ಬಂದಾನಂತ, ನಮ್ಮನ್ನ ಕೆಳಗ ಇಳಿಸಿದ್ರು,” ಎಂದು ನಮ್ಮ ಅಜ್ಜಿ ಕೊನೆತನಕ ಗೊಣಗುತ್ತಿದ್ದಳು. ಗಡಿಯಾಚೆ ಅನಂತಪುರದಲ್ಲಿ ಇವತ್ತಿಗೂ ಕಲೆಕ್ಟರೇ. ಕುರ್ಚಿ ಅದೇ ಎತ್ತರ.

ಹಾಗೆಂದು ಇಂಗ್ಲಿಷಿನ ಖಜಾನೆ ಎಲ್ಲ ಕಡೆ ತುಂಬಿದೆ ಎಂದುಕೊಳ್ಳಬೇಡಿ. ಸಿರುಗುಪ್ಪದ ಗದ್ದೆಯಲ್ಲಿ ಭತ್ತ, ಗಿರಣಿಯಲ್ಲಿ ಅಕ್ಕಿ, ಜರಡಿಯ ಕೆಳಗೆ ನುಚ್ಚು, ತಟ್ಟೆಯಲ್ಲಿ ಅನ್ನ. ಇಂಗ್ಲಿಷಿನವನು ಗದ್ದೆಯಿಂದ ಗಂಟಲತನಕ ರೈಸ್, ರೈಸ್ ಅಂತಲೇ ಬಂದ. ಗದ್ದೆಯದಕ್ಕೆ ಬೇರೆ ಹೆಸರು ಬೇಕಾದಾಗ ಮಲಯದವರಿಂದ ‘ಪ್ಯಾಡಿ’ ಕಡ ತಂದ.

ಅವನಿಂದ ನಾವು ತಂದದ್ದನ್ನಾದರೂ ಹಾಗೇ ಇಟ್ಟುಕೊಂಡೆವೇ? ಅವನಿಗೆ ಹೋಟೆಲ್ ಅಂದರೆ ಮಲಗುವ ಜಾಗ. ನಮಗೆ ಹೋಟೆಲ್‌ನಲ್ಲಿ ಇಡ್ಲಿ, ಮಲಗಲು ಲಾಡ್ಜ್, ತಿಂಗಳಿನ ಊಟಕ್ಕೆ ಮೆಸ್ಸು, ರೊಟ್ಟಿಗೆ ಖಾನಾವಳಿ, ಬಿಲ್ಲು ನೋಡಿ ಬೆವರಲು ರೆಸ್ಟೋರೆಂಟ್. ಯಾರೂ ಕೂತು ಹಂಚಲಿಲ್ಲ, ತಾನಾಗಿ ಪಾಲಾಯಿತು.

ನೀವು ಬೆಂಗಳೂರು ರಸ್ತೆಯಲ್ಲಿ ಹಲಕುಂದಿ ಕಡೆ ಬಂದಾಗ ಹಸಿವಾದರೆ ಹೋಟೆಲ್ ಎಲ್ಲಿದೆ ಎಂದು ಕೇಳಿ, ಬಿಸಿ ಒಗ್ಗಾಣಿ ಸಿಗುತ್ತದೆ. ರೆಸ್ಟೋರೆಂಟ್ ಅಂದಿರೋ, ಮುಂದೆ ಬಳ್ಳಾರಿಗೆ ಹೋಗಿ ಅಂತಾರೆ.