ಬಾಯಾಳಿ ಮೀಮಾಂಸೆ

ಫುಟ್‌ಬಾಲಿನ 17 ನಿಯಮಗಳಲ್ಲಿ ಆಟಗಾರನಿಗೆ ಬೂಟು ಇರಬೇಕೆಂದಿದೆ, ಮೊಣಕಾಲ ಕೆಳಗೆ ಶಿನ್ ಗಾರ್ಡ್ ಇರಬೇಕೆಂದಿದೆ. ಬಾಯಿ ಇರಬೇಕೆಂದು ಎಲ್ಲೂ ಇಲ್ಲ. ಈ ವಿಷಯದಲ್ಲಿ ಕಬಡ್ಡಿಯೇ ಪ್ರೌಢಶಾಸ್ತ್ರ: ‘ಕಬಡ್ಡಿ ಕಬಡ್ಡಿ’ ಎಂದು ಕೇಳುವಂತೆ ಹೇಳದಿದ್ದರೆ ದಾಳಿಯೇ ಅಸಿಂಧು. ಫುಟ್‌ಬಾಲಿನ ಈ ಲೋಪವನ್ನು ತುಂಬಲು ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಮಳೆಗಾಲದ ಮೈದಾನಗಳಲ್ಲಿ ಸ್ವಯಂಭುವಾಗಿ ಉದ್ಭವಿಸಿದವನು ಬಾಯಾಳಿ.

ಲಕ್ಷಣವೇನೆಂದರೆ, ಅವನು ಓಡುವುದು ಕಡಿಮೆ, ಓಡಿಸುವುದು ಜಾಸ್ತಿ. ‘ಸುಮ್ನೆ ಆಡೋಣ’ ಎಂಬ ಮಾತು ಅವನ ಕಿವಿಗೆ ಬೀಳುವುದಿಲ್ಲ. ಸೋತವರು ಗೆದ್ದವರಿಗೆ ಮಂಡಕ್ಕಿ ಕೊಡಿಸುವುದೆಂದು ಪಣವಿದ್ದರೂ ಅವನಿಗದು ವಿಶ್ವಕಪ್ ಫೈನಲ್.

ಇಲ್ಲಿ ಪೂರ್ವಪಕ್ಷದವರು ಕೇಳುತ್ತಾರೆ: ಇಂಥವನಿಂದ ತಂಡದ ನೆಮ್ಮದಿ ಕೆಡುವುದಿಲ್ಲವೇ? ಐರ್ಲೆಂಡಿನ ನಾಯಕ ರಾಯ್ ಕೀನ್ 2002ರ ವಿಶ್ವಕಪ್ಪಿಗೆ ಮುಂಚೆ, ಸೈಪಾನ್ ದ್ವೀಪದ ಅಭ್ಯಾಸದ ಮೈದಾನ ಗಟ್ಟಿಯಾಯಿತೆಂದು ಶುರುಮಾಡಿ, ಕೊನೆಗೆ ಕೋಚ್ ಜೊತೆ ಜಗಳವಾಡಿ ಒಂದೂ ಪಂದ್ಯವಾಡದೆ ಮನೆಗೆ ಹೋಗಲಿಲ್ಲವೇ? ಹೋದ, ನಿಜ. ಆದರೆ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಆ ತಾಲ್ಲೂಕಿನಲ್ಲಿ ಮೈದಾನ ಗಟ್ಟಿಯಾಯಿತೆಂಬ ದೂರಿಗೆ ಆಷಾಢದಲ್ಲಿ ಅವಕಾಶವೇ ಇಲ್ಲ.

ಇನ್ನು ಸಿದ್ಧಾಂತ. ನಮ್ಮವರ ಮುಖ್ಯ ರೋಗ ಅಡಿಕೆಯ ಕೊಳೆರೋಗವಲ್ಲ, ಸಂಕೋಚ. ಪಾಯಸ ಬೇಕಿದ್ದರೂ ಎಲೆಯ ಮೇಲೆ ಕೈ ಅಡ್ಡ ಹಿಡಿಯುವ ಜನ ಚೆಂಡಿನ ಮುಂದೆಯೂ ಹಾಗೆಯೇ. ಹೊಂಡದ ನೀರಿನಲ್ಲಿ ಚೆಂಡು ಗಕ್ಕನೆ ನಿಂತಿದೆ. ಆಚೆಗೊಬ್ಬ, ಈಚೆಗೊಬ್ಬ, ಇಬ್ಬರೂ ‘ನೀನೇ ಹೊಡಿ’ ಎಂಬ ಮುಖ ಮಾಡಿಕೊಂಡು ನಿಂತಿದ್ದಾರೆ. ಎದುರಾಳಿಗೆ ಈ ಸೌಜನ್ಯವಿಲ್ಲ. ಅವನು ಬಂದು ಗೋಲು ಹೊಡೆದು ಹೋಗುತ್ತಾನೆ. ‘ಬಿಡಾ ಮಾರಾಯಾ, ನಂದು!’ ಎಂಬ ಒಂದು ಕೂಗಿದ್ದರೆ ಈ ಅನಾಹುತ ತಪ್ಪುತ್ತಿತ್ತು. ಮೇಲಾಗಿ ಮಂಜು ಕವಿದಾಗ ಸ್ವಂತ ಗೋಲ್‌ಕೀಪರ್ ಕೂಡ ಕಾಣುವುದಿಲ್ಲ. ಆಗ ಬಾಯಾಳಿಯೇ ಯಕ್ಷಗಾನದ ಭಾಗವತ: ಯಾರ ಪ್ರವೇಶ, ಯಾರ ನಿರ್ಗಮನ ಎಂಬುದು ಅವನ ದನಿಯಿಂದಲೇ ತಿಳಿಯಬೇಕು. ಇನ್ನೊಂದು ಉಪಯೋಗವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸೋತ ಮೇಲೆ ಬೈಯಲು ಒಬ್ಬ ಸಿಕ್ಕಿದರೆ ಉಳಿದ ಹತ್ತು ಮಂದಿ ಒಂದಾಗಿರುತ್ತಾರೆ.

ಐತಿಹಾಸಿಕ ಆಧಾರವೂ ಉಂಟು. 1951ರಲ್ಲಿ ಕಾಗೋಡಿನ ಗೇಣಿದಾರರು ದನಿ ಎತ್ತಿದ್ದು ಇದೇ ಸಾಗರ ತಾಲ್ಲೂಕಿನಲ್ಲಿ. ಮರುವರ್ಷ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರನ್ನು ವಿಧಾನಸಭೆಗೆ ಕಳಿಸಿದ್ದು ಸಾಗರ–ಹೊಸನಗರ. 1962 ಮತ್ತು 1967ರಲ್ಲಿ ತೀರ್ಥಹಳ್ಳಿ. ಹೆಸರಲ್ಲಷ್ಟೇ ಶಾಂತ. ಮೂರೂ ತಾಲ್ಲೂಕಿನ ಸಂಕೋಚದ ಜನ ತಮ್ಮ ಪರವಾಗಿ ಕೂಗಲು ಒಬ್ಬರನ್ನು ಆರಿಸುವುದು ಹಳೆಯ ರೂಢಿ ಎಂಬುದು ಇದರಿಂದ ಸಿದ್ಧ.

ಕಾನೂನಿನ ತೊಡಕು ಇಷ್ಟೆ. ಮಾತಿನಿಂದ ಎದುರಾಳಿಯ ಗಮನ ಕೆಡಿಸಿದರೆ 12ನೆಯ ನಿಯಮದಂತೆ ಹಳದಿ ಕಾರ್ಡು. ಸ್ವಂತ ತಂಡದವನ ಗಮನ ಕೆಡಿಸುವುದರ ಬಗ್ಗೆ ಅದು ಮೌನ, ಆ ಮೌನದಲ್ಲೇ ಬಾಯಾಳಿಯ ಬದುಕು.

ಒಂದೇ ತಂಡದಲ್ಲಿ ಇಬ್ಬರು ಬಾಯಾಳಿಗಳಿದ್ದರೆ ಮಾತ್ರ ಈ ಸಿದ್ಧಾಂತ ಅನ್ವಯಿಸದು. ಚೆಂಡು ಯಾರದೆಂದು ಅವರ ವಾದ ಮುಗಿಯುವಷ್ಟರಲ್ಲಿ ಎದುರಾಳಿಗಳು ಮಂಡಕ್ಕಿ ತಿಂದು ಕೈ ತೊಳೆದಿರುತ್ತಾರೆ.